ಕೋಟೆಯ ಬಾಗಿಲಿಗೆ ಬಂದ ಮೂವರು: ಅಮೆರಿಕದ ಅಂತರ್ಯುದ್ಧದ ಒಂದು ಪ್ರಕರಣ ಅಧ್ಯಯನ

1861ರ ಮೇ 23ರಂದು ವರ್ಜೀನಿಯಾದ ಮತದಾರರು ಅಮೆರಿಕ ಒಕ್ಕೂಟದಿಂದ ಹೊರಬೀಳುವ ನಿರ್ಣಯಕ್ಕೆ ಒಪ್ಪಿಗೆ ಕೊಟ್ಟರು. ಮತದ ಹಕ್ಕೇ ಇಲ್ಲದ ಮೂವರು ಗುಲಾಮರು ಅದೇ ರಾತ್ರಿ ತಮ್ಮದೊಂದು ನಿರ್ಣಯ ಕೈಗೊಂಡರು. ಹ್ಯಾಂಪ್ಟನ್ ರೋಡ್ಸ್ ಎಂಬ ವಿಶಾಲ ನದೀಮುಖವನ್ನು ದೋಣಿಯಲ್ಲಿ ದಾಟಿ, ಇನ್ನೂ ಒಕ್ಕೂಟದ ಸೇನೆಯ ಕೈಯಲ್ಲೇ ಇದ್ದ ಮನ್ರೋ ಕೋಟೆಯ ಕಾವಲುಗಾರರ ಮುಂದೆ ಹೋಗಿ ನಿಂತರು.

ಅಂತರ್ಯುದ್ಧ ಎಂದರೆ ನಮ್ಮ ಪಠ್ಯಪುಸ್ತಕಗಳಿಗೆ ಲಿಂಕನ್, ಗೆಟ್ಟಿಸ್‌ಬರ್ಗ್, ವಿಮೋಚನಾ ಘೋಷಣೆ, ಕೊನೆಗೆ ದಕ್ಷಿಣದ ಸೇನಾಪತಿ ಲೀ ಶರಣಾಗತಿ. ಅದರಲ್ಲಿ ಸುಳ್ಳೇನಿಲ್ಲ. ಆದರೆ ಹಾಗೆ ಓದಿದಾಗ ವಾಷಿಂಗ್ಟನ್‌ನಲ್ಲಿ ಒಬ್ಬರು ಕಾಗದಕ್ಕೆ ಸಹಿ ಹಾಕಿದರು, ಗುಲಾಮಗಿರಿ ಮುಗಿಯಿತು ಎಂಬ ಭಾವನೆ ಉಳಿದುಬಿಡುತ್ತದೆ. ಗುಲಾಮಗಿರಿಯ ಕಾರಣಕ್ಕೆ ಹುಟ್ಟಿದ ಯುದ್ಧವನ್ನು ಗುಲಾಮಗಿರಿಯನ್ನು ಮುಟ್ಟದೆಯೇ ಗೆಲ್ಲಬಹುದೆಂದು ಉತ್ತರದ, ಅಂದರೆ ಒಕ್ಕೂಟದ, ಸರ್ಕಾರ ಬಹುಕಾಲ ನಂಬಿತ್ತು. ಆ ನಂಬಿಕೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಈ ಕೋಟೆಯಲ್ಲಿ. ಹಾಗಾಗಿ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ಕೋಟೆಯ ಘಟನೆಯಲ್ಲಿ ಪಾಲುಗೊಂಡ ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ. ಮೂವರು, ಅವರ ಯಜಮಾನನಾದ ಕರ್ನಲ್, ಅವನ ಪರವಾಗಿ ಬಂದ ಮೇಜರ್, ಕೋಟೆಯ ಜನರಲ್ ಎಂದಷ್ಟೇ ಕರೆಯುತ್ತೇನೆ. ದಾಖಲೆಗಳಲ್ಲಿ ಎಲ್ಲರ ಹೆಸರೂ ಇವೆ. ಮುಖ್ಯವಾಗಿ ಆ ಜನರಲ್‌ನ ಹೆಸರು ಹೇಳಿದೊಡನೆ ಅವನ ನಂತರದ ಖ್ಯಾತಿ ಕುಖ್ಯಾತಿಗಳ ಜಗಳ ಶುರುವಾಗುತ್ತದೆ. ನಮಗೆ ಬೇಕಿರುವುದು ಒಂದು ತೀರ್ಮಾನ, ಅದರ ಪರಿಣಾಮ.

ಹಿನ್ನೆಲೆ

1860ರ ಜನಗಣತಿಯಂತೆ ಅಮೆರಿಕದಲ್ಲಿ ಸುಮಾರು 39.5 ಲಕ್ಷ ಗುಲಾಮರಿದ್ದರು. ಒಕ್ಕೂಟದಿಂದ ಹೊರಬಿದ್ದ 11 ರಾಜ್ಯಗಳ ಸುಮಾರು 90 ಲಕ್ಷ ಜನರಲ್ಲಿ 35 ಲಕ್ಷ ಮಂದಿ ಗುಲಾಮರು. ದಕ್ಷಿಣದ ಬಲವೂ ಅದೇ, ದೌರ್ಬಲ್ಯವೂ ಅದೇ. ಹೊಲದಲ್ಲಿ ದುಡಿಯಲು, ಕೋಟೆಕೊತ್ತಲ ಕಟ್ಟಲು, ಕಂದಕ ತೋಡಲು, ರೈಲು ಹಳಿ ಹಾಕಲು ಗುಲಾಮರಿದ್ದುದರಿಂದ ಬಿಳಿಯ ಗಂಡಸರನ್ನು ದೊಡ್ಡ ಪ್ರಮಾಣದಲ್ಲಿ ಸೇನೆಗೆ ಸೇರಿಸಿಕೊಳ್ಳಲು ಸಾಧ್ಯವಾಯಿತು. ಆ ದುಡಿಮೆ ನಿಂತರೆ ಸೇನೆಯೂ ನಿಲ್ಲಲಾರದು. ಇದು ಇಂದು ನಮಗೆ ಸ್ಪಷ್ಟ. 1861ರ ವಸಂತದಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ವಾಷಿಂಗ್ಟನ್‌ನ ಅಧಿಕಾರಸ್ಥರು ಸಿದ್ಧರಿರಲಿಲ್ಲ.

ಅದಕ್ಕೆ ಕಾರಣಗಳಿದ್ದವು. ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದಕ್ಕೆ ಕೈಹಚ್ಚುವುದಿಲ್ಲ ಎಂದು ಲಿಂಕನ್ ಮಾರ್ಚ್ 4ರ ಪದಗ್ರಹಣ ಭಾಷಣದಲ್ಲೇ ಮಾತು ಕೊಟ್ಟಿದ್ದರು. ಮಿಸೂರಿ, ಕೆಂಟಕಿ, ಮೇರಿಲ್ಯಾಂಡ್, ಡೆಲವೇರ್ ಈ ನಾಲ್ಕು ಗಡಿ ರಾಜ್ಯಗಳು ಗುಲಾಮಗಿರಿಯ ರಾಜ್ಯಗಳಾಗಿದ್ದೂ ಒಕ್ಕೂಟದಲ್ಲೇ ಉಳಿದಿದ್ದವು. ಅವು ಕೈಬಿಟ್ಟರೆ ರಾಜಧಾನಿಯನ್ನೇ ಉಳಿಸಿಕೊಳ್ಳುವುದು ಕಷ್ಟವಿತ್ತು. ಓಡಿಬಂದ ಗುಲಾಮನನ್ನು ಯಜಮಾನನಿಗೆ ಒಪ್ಪಿಸಬೇಕೆಂಬ 1850ರ ಕಾಯ್ದೆಯೂ ಜಾರಿಯಲ್ಲಿತ್ತು. ಮಾರ್ಚ್ ತಿಂಗಳಲ್ಲಿ ಫ್ಲೋರಿಡಾದ ಪಿಕೆನ್ಸ್ ಕೋಟೆಗೆ ಆಶ್ರಯ ಕೇಳಿ ಬಂದ ಗುಲಾಮರನ್ನು ಒಕ್ಕೂಟದ ಅಧಿಕಾರಿಯೇ ಹಿಂದಿರುಗಿಸಿ ಕಳಿಸಿದ್ದ.

ನಮ್ಮ ಪ್ರಕರಣದ ಜನರಲ್ ಕೂಡ ಗುಲಾಮಗಿರಿಯ ವಿರೋಧಿಯೇನಲ್ಲ. ಮ್ಯಾಸಚೂಸೆಟ್ಸ್‌ನ ಚತುರ ವಕೀಲ, ರಾಜಕಾರಣಿ. 1860ರ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಅಧ್ಯಕ್ಷ ಅಭ್ಯರ್ಥಿಯ ಆಯ್ಕೆಗೆ ಸುತ್ತಿನ ಮೇಲೆ ಸುತ್ತು ಮತದಾನ ನಡೆದಾಗ 57 ಬಾರಿ ಜೆಫರ್ಸನ್ ಡೇವಿಸ್‌ಗೆ ಮತ ಹಾಕಿದವನು. ಅದೇ ಡೇವಿಸ್ ಈಗ ಬಂಡಾಯ ರಾಜ್ಯಗಳ ಅಧ್ಯಕ್ಷ. ಇನ್ನೂ ಸ್ವಾರಸ್ಯದ ಸಂಗತಿ: ಕೇವಲ ಒಂದು ತಿಂಗಳ ಹಿಂದೆ, ಗುಲಾಮರು ದಂಗೆ ಎದ್ದರೆ ಹತ್ತಿಕ್ಕಲು ತನ್ನ ಪಡೆಯನ್ನು ಕೊಡುತ್ತೇನೆಂದು ಇವನು ಮೇರಿಲ್ಯಾಂಡ್ ರಾಜ್ಯಪಾಲರಿಗೆ ಬರೆದಿದ್ದ. ಇಂಥವನು ಮೇ 22ರಂದು ಮನ್ರೋ ಕೋಟೆಯ ಅಧಿಕಾರ ವಹಿಸಿಕೊಂಡ.

ಸ್ಥಳದ ಬಗ್ಗೆ ಒಂದು ಮಾತು. ಕೋಟೆ ಇರುವ ಪಾಯಿಂಟ್ ಕಂಫರ್ಟ್ ಎಂಬ ಭೂಶಿರದಲ್ಲೇ 1619ರಲ್ಲಿ, ಇಂಗ್ಲಿಷರ ವರ್ಜೀನಿಯಾಕ್ಕೆ ಮಾರಾಟಕ್ಕಾಗಿ ತಂದ ಮೊದಲ ಆಫ್ರಿಕನ್ನರನ್ನು ಹಡಗಿನಿಂದ ಇಳಿಸಿದ್ದು.

ಸಮಸ್ಯೆ

ಜನರಲ್ ಮೂವರನ್ನೂ ಬೇರೆಬೇರೆಯಾಗಿ ಕರೆಸಿ ವಿಚಾರಿಸಿದ. ಅವರ ಯಜಮಾನ ವರ್ಜೀನಿಯಾ ಮಿಲಿಷಿಯಾದ ಕರ್ನಲ್. ಆತ ಇವರನ್ನು ಎದುರು ದಡದ ಸೂವೆಲ್ಸ್ ಪಾಯಿಂಟ್‌ನಲ್ಲಿ ಫಿರಂಗಿಗಳ ನೆಲೆ ಕಟ್ಟುವ ಕೆಲಸಕ್ಕೆ ಹಾಕಿದ್ದ. ಇನ್ನು ಸ್ವಲ್ಪ ದಿನದಲ್ಲಿ ದೂರದ ಕೆರೊಲೈನಾಕ್ಕೆ ಸಾಗಿಸುತ್ತಾರೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಹೆಂಡತಿ ಮಕ್ಕಳು ಇರುವುದು ಇಲ್ಲೇ ಸುತ್ತಮುತ್ತ. ಹೋದರೆ ಮತ್ತೆ ಮುಖ ಕಾಣುವ ಭರವಸೆ ಇಲ್ಲ.

ಅವರು ಕಟ್ಟುತ್ತಿದ್ದ ನೆಲೆಯ ಫಿರಂಗಿಗಳು ಗುರಿಯಿಡುವುದು ಒಕ್ಕೂಟದ ಹಡಗುಗಳಿಗೇ. ಮೂವರನ್ನು ಹಿಂದಿರುಗಿಸಿದರೆ ಜನರಲ್ ತನ್ನ ಮೇಲೆ ಗುಂಡು ಹಾರಿಸುವ ಫಿರಂಗಿಗೆ ತಾನೇ ಆಳು ಒದಗಿಸಿದಂತೆ. ಇಟ್ಟುಕೊಂಡರೆ ಕಾಯ್ದೆ ಮುರಿದಂತೆ, ಅಧ್ಯಕ್ಷರ ಮಾತನ್ನು ಮೀರಿದಂತೆ, ಗಡಿ ರಾಜ್ಯಗಳನ್ನು ಕೆಣಕಿದಂತೆ. ಸ್ವತಂತ್ರರೆಂದು ಸಾರುವ ಅಧಿಕಾರವಂತೂ ಅವನಿಗೆ ಇರಲೇ ಇಲ್ಲ.

ಮೇ 24ರಂದು ಕರ್ನಲ್‌ನ ಪರವಾಗಿ ಮೇಜರ್ ಬಿಳಿ ಬಾವುಟ ಹಿಡಿದು ಬಂದ. ಮೂವರ ವಿಷಯದಲ್ಲಿ ತಮ್ಮ ವಿಚಾರವೇನು ಎಂದು ಕೇಳಿದ. ಇಟ್ಟುಕೊಳ್ಳುತ್ತೇನೆ ಎಂದ ಜನರಲ್. ಹಾಗಾದರೆ ಸಂವಿಧಾನದ ಕಟ್ಟುಪಾಡು? ವರ್ಜೀನಿಯಾ ತಾನೀಗ ಪರದೇಶ ಎನ್ನುತ್ತಿದೆ, ಪರದೇಶದ ಬಗ್ಗೆ ನನಗೆ ಯಾವ ಕಟ್ಟುಪಾಡೂ ಇಲ್ಲ. ಮೇಜರ್ ಕೂಡ ದಡ್ಡನಲ್ಲ. ರಾಜ್ಯಗಳು ಹೊರಬೀಳಲು ಸಾಧ್ಯವೇ ಇಲ್ಲ ಎನ್ನುವವರು ನೀವು, ಹಾಗಾದರೆ ಕಾಯ್ದೆ ಇನ್ನೂ ನಮಗೆ ಅನ್ವಯಿಸಬೇಕಲ್ಲ ಎಂದು ತಿರುಗಿಸಿ ಕೇಳಿದ. ಜನರಲ್‌ನ ಉತ್ತರ: ಹೊರಬಿದ್ದಿದ್ದೇವೆ ಎನ್ನುವವರು ನೀವು, ಆದ್ದರಿಂದ ಆ ಕಾಯ್ದೆಯ ಹೆಸರಿನಲ್ಲಿ ನೀವು ಕೇಳುವಂತಿಲ್ಲ. ಕರ್ನಲ್ ಖುದ್ದಾಗಿ ಕೋಟೆಗೆ ಬಂದು ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಲಿ, ಮೂವರನ್ನೂ ಒಪ್ಪಿಸುತ್ತೇನೆ.

ಈ ಕೊನೆಯ ಮಾತನ್ನು ಗಮನಿಸಬೇಕು. ಪ್ರಮಾಣ ಮಾಡಿದ್ದರೆ ಆತ ನಿಜವಾಗಿಯೂ ಒಪ್ಪಿಸಿಬಿಡುತ್ತಿದ್ದನೇನೋ. ಮೂವರ ಬದುಕು ಒಬ್ಬ ವಕೀಲನ ಜಾಣ್ಮೆಯ ಮೇಲೆ, ಇನ್ನೊಬ್ಬ ಕರ್ನಲ್‌ನ ಹಟದ ಮೇಲೆ ನಿಂತಿತ್ತು.

ಏನು ಮಾಡಲಾಯಿತು

ಜನರಲ್ ಬಳಸಿದ ವಾದ ಇಷ್ಟೆ: ಶತ್ರು ಯುದ್ಧಕ್ಕೆ ಬಳಸುವ ಸರಕನ್ನು ಜಪ್ತಿ ಮಾಡುವ ಹಕ್ಕು ಸೇನೆಗಿದೆ. ಈ ಆಳುಗಳು ತಮ್ಮ ಆಸ್ತಿ ಎಂದು ದಕ್ಷಿಣದವರೇ ಹೇಳುತ್ತಾರೆ, ಆ ಆಸ್ತಿಯನ್ನು ಯುದ್ಧಕ್ಕೇ ಬಳಸುತ್ತಿದ್ದಾರೆ, ಹಾಗಾಗಿ ಜಪ್ತಿ. ಮೂವರನ್ನೂ ಕೋಟೆಯ ಕೆಲಸಕ್ಕೆ ಹಚ್ಚಿದ. ಅವರ ದುಡಿಮೆಯ ಬೆಲೆ ಎಷ್ಟು, ಅವರಿಗೆ ಕೊಟ್ಟ ಪಡಿಯ ಖರ್ಚು ಎಷ್ಟು ಎಂದು ಕಟ್ಟುನಿಟ್ಟಾಗಿ ಲೆಕ್ಕ ಬರೆದಿಡಲು ಹೇಳಿದ. ಯುದ್ಧ ಮುಗಿದ ಮೇಲೆ ಯಜಮಾನರ ಜೊತೆ ಚುಕ್ತಾ ಮಾಡಬೇಕಾಗಬಹುದಲ್ಲ!

ಆ ಲೆಕ್ಕದ ಪುಸ್ತಕವನ್ನು ನೆನೆದರೆ ಮೈ ಉರಿಯುತ್ತದೆ. ಆದರೂ ಈ ಉಪಾಯ ಉಳಿದುಕೊಂಡದ್ದು ಅದು ಅಷ್ಟು ಸಂಕುಚಿತವಾಗಿದ್ದುದರಿಂದಲೇ ಎಂಬುದು ನನ್ನ ಅಭಿಪ್ರಾಯ. ಗುಲಾಮಗಿರಿ ತಪ್ಪು ಎಂದು ಅದು ಹೇಳಲಿಲ್ಲ. ಯಾವ ಕಾಯ್ದೆಯನ್ನೂ ರದ್ದು ಮಾಡಲಿಲ್ಲ. ದಕ್ಷಿಣದವರ ಮಾತನ್ನೇ ಎತ್ತಿ ದಕ್ಷಿಣದವರ ಮೇಲೆ ಎಸೆಯಿತು. ಕೆಂಟಕಿಯ ಗುಲಾಮಗಿರಿ ಪಕ್ಷಪಾತಿಗೂ ಆಕ್ಷೇಪಿಸಲು ತಕ್ಷಣಕ್ಕೆ ಎಳೆ ಸಿಗಲಿಲ್ಲ.

ಗುಲಾಮರ ಕೇರಿಗಳಲ್ಲಿ ಸುದ್ದಿ ಹಬ್ಬಲು ಪತ್ರಿಕೆ ಬೇಕಾಗಿರಲಿಲ್ಲ. ಮೇ 26ರಂದು 8 ಮಂದಿ ಬಂದರು, ಮರುದಿನ 47 ಮಂದಿ. ಮುದುಕರು, ಹೆಂಗಸರು, ಕಂಕುಳ ಕೂಸುಗಳೂ ಬಂದವು. ಜನರಲ್‌ನ ವಾದ ಇಲ್ಲಿ ಕುಂಟಿತು. ಫಿರಂಗಿ ನೆಲೆ ಕಟ್ಟುವ ಗಂಡಾಳು ಯುದ್ಧದ ಸರಕಾದರೆ ಮೊಲೆಹಾಲು ಕುಡಿಯುವ ಕೂಸು ಏನು? ತಂದೆತಾಯಿಯರ ದುಡಿಮೆಯನ್ನು ತೆಗೆದುಕೊಂಡು ಮಕ್ಕಳನ್ನು ಹೊರಗಿಡಲಾದೀತೇ ಎಂದು ಅವನು ಮೇಲಧಿಕಾರಿಗಳಿಗೆ ಬರೆದ. ಮಾನವೀಯತೆಯ ದೃಷ್ಟಿಯಿಂದ ತನಗೆ ಸಂಶಯವಿಲ್ಲ, ರಾಜಕೀಯ ದೃಷ್ಟಿಯಿಂದ ತೀರ್ಮಾನಿಸುವ ಹಕ್ಕು ತನಗಿಲ್ಲ ಎಂದೂ ಸೇರಿಸಿದ. ಬಂದವರನ್ನು ಮಾತ್ರ ಯಾರನ್ನೂ ಹೊರಗೆ ಅಟ್ಟಲಿಲ್ಲ. ಮೇ 30ರಂದು ಯುದ್ಧ ಮಂತ್ರಿಯ ಒಪ್ಪಿಗೆ ಬಂತು.

ಜುಲೈ 30ರ ಅವನ ಇನ್ನೊಂದು ಪತ್ರದಲ್ಲಿ 900 ಜನರ ಪಟ್ಟಿಯಿದೆ: ದುಡಿಯಬಲ್ಲ ಗಂಡಸರು 300, ಕೈಲಾಗದ ವೃದ್ಧರು 30, ಹೆಂಗಸರು 175, ಹತ್ತು ವರ್ಷದೊಳಗಿನ ಮಕ್ಕಳು 225, ಅದಕ್ಕಿಂತ ಮೇಲೆ ಹದಿನೆಂಟರವರೆಗಿನವರು 170. ಮೂರರಲ್ಲಿ ಎರಡು ಪಾಲು ಜನ "ಯುದ್ಧದ ಸರಕು" ಅಲ್ಲವೇ ಅಲ್ಲ. ಇವರು ಗುಲಾಮರೋ ಸ್ವತಂತ್ರರೋ ಎಂದು ಆತ ಆ ಪತ್ರದಲ್ಲಿ ನೇರವಾಗಿ ಕೇಳಿದ. ಎರಡು ತಿಂಗಳ ಹಿಂದೆ ಪ್ರಮಾಣ ಮಾಡಿದರೆ ಒಪ್ಪಿಸುತ್ತೇನೆ ಎಂದವನು ಇಲ್ಲಿಗೆ ಬಂದು ಮುಟ್ಟಿದ್ದ. ಅವನನ್ನು ಅಲ್ಲಿಗೆ ಮುಟ್ಟಿಸಿದವರು ಬಾಗಿಲಿಗೆ ಬರುತ್ತಲೇ ಇದ್ದ ಜನ.

ಮುಂದೆ ಏನಾಯಿತು

ಆಗಸ್ಟ್ 6ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮೊದಲ ಜಪ್ತಿ ಕಾಯ್ದೆಯನ್ನು ಅಂಗೀಕರಿಸಿತು. ಬಂಡಾಯದ ಸೇನೆಗಾಗಿ ದುಡಿಸಿಕೊಳ್ಳಲಾದ ಗುಲಾಮನ ಮೇಲೆ ಯಜಮಾನನಿಗೆ ಇನ್ನು ಹಕ್ಕಿಲ್ಲ. ಕೋಟೆಯ ಬಾಗಿಲಿನ ಯುಕ್ತಿ ದೇಶದ ಕಾಯ್ದೆಯಾಯಿತು. ಮಾರನೆಯ ರಾತ್ರಿ ಬಂಡಾಯದ ಸೇನೆ ಪಕ್ಕದ ಹ್ಯಾಂಪ್ಟನ್ ಪಟ್ಟಣಕ್ಕೆ ತಾನೇ ಬೆಂಕಿ ಹಚ್ಚಿತು, ಓಡಿಬಂದ ಗುಲಾಮರಿಗೆ ಅದು ನೆಲೆಯಾಗಬಾರದೆಂದು. ಸುಟ್ಟ ಗೋಡೆಗಳಿಗೇ ಒರಗಿಸಿ ಜನ ಗುಡಿಸಲು ಹಾಕಿಕೊಂಡರು.

ಬೇರೆ ಕಡೆಗಳಲ್ಲಿ ಇದೇ ಪ್ರಶ್ನೆಗೆ ಬೇರೆ ಉತ್ತರಗಳನ್ನು ಪ್ರಯತ್ನಿಸಲಾಯಿತು. ಮಿಸೂರಿಯಲ್ಲಿ ಜನರಲ್ ಫ್ರೀಮಾಂಟ್ ಆಗಸ್ಟ್ 30ರಂದು ಬಂಡಾಯಗಾರರ ಗುಲಾಮರೆಲ್ಲ ಸ್ವತಂತ್ರರು ಎಂದು ಸಾರಿದರು. ನ್ಯಾಯದ ದೃಷ್ಟಿಯಿಂದ ನೋಡಿದರೆ ಇದೇ ನೇರ ದಾರಿ. ಲಿಂಕನ್ ಹದಿನೈದು ದಿನದೊಳಗೆ ಅದನ್ನು ತಡೆದರು, ಕೆಂಟಕಿಯನ್ನು ಕಳೆದುಕೊಂಡರೆ ಇಡೀ ಆಟವನ್ನೇ ಕಳೆದುಕೊಂಡಂತೆ ಎಂದು ಗೆಳೆಯನೊಬ್ಬನಿಗೆ ಬರೆದರು. 1862ರ ಮೇ ತಿಂಗಳಲ್ಲಿ ಜನರಲ್ ಹಂಟರ್ ದಕ್ಷಿಣ ಕೆರೊಲೈನಾ, ಜಾರ್ಜಿಯಾ, ಫ್ಲೋರಿಡಾಗಳಲ್ಲಿ ಹೊರಡಿಸಿದ ಆದೇಶಕ್ಕೂ ಅದೇ ಗತಿ. ತದ್ವಿರುದ್ಧವಾಗಿ ಜನರಲ್ ಹ್ಯಾಲೆಕ್ ಓಡಿಬಂದವರನ್ನು ಸೇನೆಯ ಠಾಣೆಗಳೊಳಗೆ ಬಿಟ್ಟುಕೊಳ್ಳಲೇಬೇಡಿ ಎಂದು ಆಜ್ಞೆ ಮಾಡಿದ್ದರು. ಜನರ ಪ್ರವಾಹದ ಮುಂದೆ ಆ ಆಜ್ಞೆಯೂ ನಿಲ್ಲಲಿಲ್ಲ. 1862ರ ಮಾರ್ಚ್‌ನಲ್ಲಿ ಕಾಂಗ್ರೆಸ್, ಓಡಿಬಂದವರನ್ನು ಯಜಮಾನರಿಗೆ ಒಪ್ಪಿಸುವ ಅಧಿಕಾರಿಯನ್ನೇ ಸೇನೆಯಿಂದ ವಜಾ ಮಾಡುವ ನಿಯಮ ತಂದಿತು.

ನಿಜವಾದ ತಿರುವು 1862ರ ಬೇಸಿಗೆಯಲ್ಲಿ. ಜನರಲ್ ಮೆಕ್ಲೆಲನ್ 1 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಇದೇ ಮನ್ರೋ ಕೋಟೆಯ ಬಳಿ ಇಳಿಸಿ ಬಂಡಾಯ ರಾಜ್ಯಗಳ ರಾಜಧಾನಿ ರಿಚ್‌ಮಂಡ್‌ನತ್ತ ನಡೆದರು. ಆಸ್ತಿಪಾಸ್ತಿ ಮುಟ್ಟದ, ಗುಲಾಮಗಿರಿಗೆ ಕೈಹಚ್ಚದ ಸಜ್ಜನರ ಯುದ್ಧ ಅವರ ಆದರ್ಶ. ರಾಜಧಾನಿಯ ಹೊಸ್ತಿಲಿನಿಂದ ಸೋತು ಹಿಂದೆ ಸರಿದರು. ಸಜ್ಜನರ ಯುದ್ಧದ ಮೇಲೆ ಲಿಂಕನ್‌ಗಿದ್ದ ಭರವಸೆ ಅಲ್ಲಿಗೆ ತೀರಿತು. ಜುಲೈ 17ರಂದು ಎರಡನೆಯ ಜಪ್ತಿ ಕಾಯ್ದೆ ಬಂತು. ಜುಲೈ 22ರಂದು, ಬಂಡಾಯ ಪ್ರದೇಶಗಳ ಗುಲಾಮರು ಸ್ವತಂತ್ರರು ಎಂದು ಸಾರುವ ವಿಮೋಚನೆಯ ಕರಡು ಮಂತ್ರಿಮಂಡಲದ ಮುಂದೆ ಬಂತು. ಗೆಲುವೊಂದು ಸಿಗುವವರೆಗೆ ಕಾಯಿರಿ, ಇಲ್ಲವಾದರೆ ಸೋತವರ ಕೊನೆಯ ಕೂಗಿನಂತೆ ಕೇಳಿಸುತ್ತದೆ ಎಂದು ವಿದೇಶಾಂಗ ಮಂತ್ರಿ ಸೀವರ್ಡ್ ಸಲಹೆ ಕೊಟ್ಟರು. ಸೆಪ್ಟೆಂಬರ್ 17ರ ಆಂಟೀಟಮ್ ಕದನದ ನಂತರ ಪ್ರಾಥಮಿಕ ಘೋಷಣೆ, 1863ರ ಜನವರಿ 1ರಂದು ಅಂತಿಮ ಘೋಷಣೆ.

ಇಲ್ಲೊಂದು ವಿಚಿತ್ರ. ಒಕ್ಕೂಟದ ಹಿಡಿತದಲ್ಲಿದ್ದ ಕೆಲವು ಪ್ರದೇಶಗಳನ್ನು ಘೋಷಣೆ ಹೆಸರು ಹಿಡಿದು ಹೊರಗಿಟ್ಟಿತು. ಮನ್ರೋ ಕೋಟೆ ಇರುವ ಎಲಿಜಬೆತ್ ಸಿಟಿ ಕೌಂಟಿಯೂ ಆ ಪಟ್ಟಿಯಲ್ಲಿದೆ. ಎಲ್ಲ ಶುರುವಾದ ಜಾಗಕ್ಕೆ ಘೋಷಣೆ ಅನ್ವಯಿಸಲಿಲ್ಲ!

ಘೋಷಣೆಯ ಹೆಚ್ಚು ಪರಿಣಾಮಕಾರಿ ಭಾಗ ನನ್ನ ಪ್ರಕಾರ ಕೊನೆಯಲ್ಲಿರುವ ಸೇನಾ ಭರ್ತಿಯ ಮಾತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1.79 ಲಕ್ಷ ಕಪ್ಪು ಸೈನಿಕರು ಒಕ್ಕೂಟದ ಭೂಸೇನೆಯಲ್ಲಿ ಸೇವೆ ಸಲ್ಲಿಸಿದ್ದರು, ನೌಕಾಪಡೆಯಲ್ಲಿ ಇನ್ನೂ ಸಾವಿರಾರು ಮಂದಿ. ಭೂಸೇನೆಯ ಹತ್ತನೆಯ ಒಂದು ಪಾಲು ಇವರದೇ. ವಿಕ್ಸ್‌ಬರ್ಗ್ ಗೆದ್ದ ನಂತರ 1863ರ ಆಗಸ್ಟ್‌ನಲ್ಲಿ ಜನರಲ್ ಗ್ರಾಂಟ್ ಲಿಂಕನ್‌ಗೆ ಬರೆದ ಪತ್ರದಲ್ಲಿ ಈ ಲೆಕ್ಕವಿದೆ: ಅವರು ಒಳ್ಳೆಯ ಸೈನಿಕರಾಗುತ್ತಾರೆ, ಅವರನ್ನು ಕಳೆದುಕೊಂಡ ಶತ್ರು ನಮ್ಮ ಬಲ ಹೆಚ್ಚಿದಷ್ಟೇ ಕುಗ್ಗುತ್ತಾನೆ. ಮೂವರು ಕೋಟೆಗೆ ಬಂದಾಗಲೂ ಲೆಕ್ಕ ಇದೇ ಆಗಿತ್ತು. ಸೂವೆಲ್ಸ್ ಪಾಯಿಂಟ್‌ನಲ್ಲಿ ಮೂರು ಆಳು ಕಡಿಮೆ, ಮನ್ರೋದಲ್ಲಿ ಮೂರು ಆಳು ಹೆಚ್ಚು. 1864ರ ಆಗಸ್ಟ್‌ನಲ್ಲಿ, ಮರುಚುನಾವಣೆಯಲ್ಲಿ ಸೋಲುವ ಭಯದ ನಡುವೆ, ಕಪ್ಪು ಜನ ಕಾಯುತ್ತಿರುವ ಠಾಣೆಗಳನ್ನೆಲ್ಲ ಬಿಟ್ಟುಕೊಟ್ಟರೆ ಮೂರು ವಾರದಲ್ಲಿ ಯುದ್ಧವನ್ನೇ ಕೈಬಿಡಬೇಕಾಗುತ್ತದೆ ಎಂದು ಲಿಂಕನ್ ಹೇಳಿದರು. ಮೂರು ವರ್ಷದಲ್ಲಿ ಮಾತು ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ದಕ್ಷಿಣದ ಇನ್ನೊಂದು ಆಸೆಯೂ ಮುರಿಯಿತು. ತಮ್ಮ ಹತ್ತಿಯ ಪೂರೈಕೆ ನಿಂತರೆ ಇಂಗ್ಲೆಂಡ್ ಓಡಿಬಂದು ತಮ್ಮ ಕೈಹಿಡಿಯುತ್ತದೆ ಎಂದು ಅವರು ನೆಚ್ಚಿಕೊಂಡಿದ್ದರು. ಲ್ಯಾಂಕಶೈರ್‌ನ ಗಿರಣಿಗಳು ನಿಂತದ್ದು ನಿಜ. ಆದರೆ ಬ್ರಿಟಿಷರು ಈಜಿಪ್ಟಿನತ್ತ, ಇಂಡಿಯಾದತ್ತ ತಿರುಗಿದರು. ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದದ್ದು, 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಕಾರವಾರ ಬಂದರಿನ ಮೇಲೆ ಹತ್ತಿ ವ್ಯಾಪಾರಿಗಳ ಕಣ್ಣು ಬಿದ್ದದ್ದು ಇದೇ ಕಾಲದಲ್ಲಿ. ವಿಮೋಚನೆ ಯುದ್ಧದ ಗುರಿಯೆಂದು ಘೋಷಣೆಯಾದ ಮೇಲಂತೂ ಗುಲಾಮಗಿರಿಯ ಪರ ನಿಲ್ಲುವುದು ಲಂಡನ್ನಿನ ಯಾವ ಮಂತ್ರಿಗೂ ಸುಲಭವಾಗಿರಲಿಲ್ಲ.

ಕೊನೆಗೆ ದಕ್ಷಿಣವೂ ಅದೇ ಲೆಕ್ಕಕ್ಕೆ ಬಂತು, ತಡವಾಗಿ. 1864ರ ಜನವರಿಯಲ್ಲಿ ಅವರದೇ ಜನರಲ್ ಕ್ಲೀಬರ್ನ್ ಗುಲಾಮರಿಗೆ ಬಿಡುಗಡೆ ಕೊಟ್ಟು ಬಂದೂಕು ಕೊಡೋಣ ಎಂದಾಗ ಡೇವಿಸ್ ಆ ಸಲಹೆಯನ್ನು ಹೂತುಹಾಕಿದರು. ಗುಲಾಮರು ಒಳ್ಳೆಯ ಸೈನಿಕರಾಗುತ್ತಾರೆಂದಾದರೆ ಗುಲಾಮಗಿರಿಯ ಬಗ್ಗೆ ನಮ್ಮ ಸಿದ್ಧಾಂತವೇ ತಪ್ಪು ಎಂದು ಜಾರ್ಜಿಯಾದ ಹಾವೆಲ್ ಕಾಬ್ 1865ರ ಆರಂಭದಲ್ಲಿ ಬರೆದರು. ಇಷ್ಟು ಪ್ರಾಮಾಣಿಕವಾದ ವಾಕ್ಯ ಆ ಕಡೆಯಿಂದ ಯುದ್ಧದುದ್ದಕ್ಕೂ ಬಂದದ್ದು ಕಡಿಮೆ. ಮಾರ್ಚ್ 13ರಂದು ಅನುಮತಿಯ ಕಾನೂನು ಹೇಗೋ ಬಂತು. ಏಪ್ರಿಲ್ 3ರಂದು ರಿಚ್‌ಮಂಡ್ ಬಿತ್ತು. ಮೊದಲು ಒಳಹೊಕ್ಕ ಪಡೆಗಳಲ್ಲಿ ಕಪ್ಪು ರೆಜಿಮೆಂಟುಗಳಿದ್ದವು. ಏಪ್ರಿಲ್ 9ರಂದು ಲೀ ಶರಣಾದರು. ಸೆರೆಸಿಕ್ಕ ಜೆಫರ್ಸನ್ ಡೇವಿಸ್‌ರನ್ನು ಮನ್ರೋ ಕೋಟೆಯಲ್ಲೇ ಎರಡು ವರ್ಷ ಕೂಡಿಹಾಕಲಾಯಿತು. ಡಿಸೆಂಬರ್‌ನಲ್ಲಿ, 1865ರಲ್ಲೇ, ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ದೇಶದಿಂದಲೇ ತೆಗೆದುಹಾಕಿತು.

ಪ್ರಕರಣದಿಂದ ಕಾಣುವುದು

ಸಣ್ಣ, ಅಪೂರ್ಣ, ಅಸಹ್ಯವೂ ಆದ ತೀರ್ಮಾನವೊಂದು ಉಳಿಯಿತು. ಉದಾತ್ತವಾದ ಎರಡು ಘೋಷಣೆಗಳು ಬಿದ್ದವು. ಹಾಗೆಂದು ಎಲ್ಲ ಕಾಲಕ್ಕೂ ಸಣ್ಣದೇ ಸರಿ ಎನ್ನುವವರ ಜೊತೆ ನಾನಿಲ್ಲ. ಫ್ರೀಮಾಂಟ್ ಆದೇಶ ಬಿದ್ದರೂ ಅದು ಉತ್ತರದ ಊರುಗಳಲ್ಲಿ ಎಬ್ಬಿಸಿದ ಚರ್ಚೆ ಮುಂದಿನ ಕಾಯ್ದೆಗಳಿಗೆ ನೆಲ ಹದಮಾಡಿತು. ಜನರಲ್‌ನ ಯುಕ್ತಿಯಾದರೂ ಒಂಟಿಯಾಗಿ ಏನನ್ನೂ ಸಾಧಿಸುತ್ತಿರಲಿಲ್ಲ. ಮೂವರ ಹಿಂದೆ ಎಂಟು ಮಂದಿ, ಅವರ ಹಿಂದೆ ನಲವತ್ತೇಳು ಮಂದಿ ಬರದೇ ಹೋಗಿದ್ದರೆ ಅದು ಯಾವುದೋ ಕಡತದಲ್ಲಿ ಮಲಗಿರುತ್ತಿತ್ತು. ಪ್ರತಿ ಹಂತದಲ್ಲೂ ಜನ ಮೊದಲು ಬಂದರು, ನೀತಿ ಆಮೇಲೆ ಬಂತು. ತೀರ್ಮಾನ ಯಾರದು ಎಂದು ಕೇಳಿದರೆ ಮೇ 23ರ ರಾತ್ರಿ ದೋಣಿ ಹತ್ತಿದವರದ್ದನ್ನೇ ನಾನು ಮೊದಲು ಎಣಿಸುತ್ತೇನೆ. ಹಿಂದಿರುಗಿಸಿದ್ದರೆ ಚಾಟಿಯೇಟು, ದೂರದ ಮಾರಾಟ ಅವರ ಪಾಲಿಗಿತ್ತು. ಜನರಲ್‌ನ ಪಾಲಿಗೆ ಹೆಚ್ಚೆಂದರೆ ಒಂದು ಛೀಮಾರಿ.

ಜನರನ್ನು ಸರಕು ಎಂದು ಕರೆದು ಉಳಿಸಿದ್ದಕ್ಕೆ ತೆತ್ತ ಬೆಲೆಯೂ ಇದೆ. ಕೋಟೆಯ ಸುತ್ತ ಕೆಲಸ ಮಾಡಿದವರಿಗೆ ಕೂಲಿ ನಿಗದಿಯಾದರೂ ಅದರ ಬಹುಪಾಲು ಹೆಂಗಸರು, ಮಕ್ಕಳು, ಅಶಕ್ತರ ಪೋಷಣೆಯ ನಿಧಿಗೆಂದು ಹೋಯಿತು. ಕೈಗೆ ಬರಬೇಕಾದ ಅಲ್ಪಸ್ವಲ್ಪವೂ ಸಮಯಕ್ಕೆ ಬರುತ್ತಿರಲಿಲ್ಲ. ಬೇರೆಡೆ ಎದ್ದ ಇಂಥ ಶಿಬಿರಗಳಲ್ಲಿ ಸಿಡುಬು, ಭೇದಿ, ಚಳಿಗಳಿಂದ ಜನ ಸಾಲುಸಾಲಾಗಿ ಸತ್ತರು. ಕಪ್ಪು ಸೈನಿಕನಿಗೆ ತಿಂಗಳಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಮುರಿಯುತ್ತಿದ್ದರು. ಬಿಳಿಯ ಸೈನಿಕನಿಗೆ 13. ಮ್ಯಾಸಚೂಸೆಟ್ಸ್‌ನ 54ನೆಯ ರೆಜಿಮೆಂಟು ಕಡಿಮೆ ಸಂಬಳ ಮುಟ್ಟುವುದೇ ಇಲ್ಲ ಎಂದು ಹಟ ಹಿಡಿಯಿತು, ಸಮಾನ ವೇತನದ ಕಾನೂನು 1864ರ ಜೂನ್‌ನಲ್ಲಿ ಬಂತು.

ಹ್ಯಾಂಪ್ಟನ್‌ನ ಜನ ಈ ನಡುವೆ ಕಾಯುತ್ತಾ ಕೂರಲಿಲ್ಲ. 1861ರ ಸೆಪ್ಟೆಂಬರ್‌ನಲ್ಲೇ ಮೇರಿ ಪೀಕ್ ಎಂಬ ಸ್ವತಂತ್ರ ಕಪ್ಪು ಮಹಿಳೆ ಅಲ್ಲಿ ಬಹಿರಂಗವಾಗಿ ಅಕ್ಷರ ಕಲಿಸತೊಡಗಿದ್ದರು. ಓಕ್ ಮರದ ನೆರಳಿನಲ್ಲಿ ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಪಾಠ. ವರ್ಜೀನಿಯಾದಲ್ಲಿ ಕಪ್ಪು ಜನರಿಗೆ ಶಾಲೆ ನಡೆಸುವುದು ಅಪರಾಧವಾಗಿದ್ದ ಕಾಲದಲ್ಲೂ ಅವರು ಗುಟ್ಟಾಗಿ ಕಲಿಸಿದವರು.

ಬಗೆಹರಿಯದೆ ಉಳಿದದ್ದು ನೆಲದ ಪ್ರಶ್ನೆ. ಜಪ್ತಿಯ ವಾದ ಮನುಷ್ಯರನ್ನು ಯಜಮಾನರ ಕೈಯಿಂದ ಬಿಡಿಸಿತು. ಅವರು ನಾಲ್ಕು ವರ್ಷ ಉತ್ತು, ಗುಡಿಸಲು ಕಟ್ಟಿ, ಬೀದಿ ಮಾಡಿಕೊಂಡ ಜಾಗ ಯಾರದೆಂದು ಅದು ಹೇಳಲಿಲ್ಲ. ಲಿಂಕನ್ ಹತ್ಯೆಯ ನಂತರ ಅಧ್ಯಕ್ಷರಾದ ಆಂಡ್ರೂ ಜಾನ್ಸನ್ 1865ರ ಮೇ 29ರಂದು ಬಂಡಾಯಗಾರರಿಗೆ ಕ್ಷಮಾದಾನ ಸಾರಿ, ಗುಲಾಮರನ್ನುಳಿದು ಮಿಕ್ಕ ಆಸ್ತಿಯನ್ನು ಹಿಂದಿರುಗಿಸುವ ದಾರಿ ತೆರೆದರು. ನಿಷ್ಠೆಯ ಪ್ರಮಾಣ ಮಾಡಿದ ಹಳೆಯ ಯಜಮಾನರು ತಮ್ಮ ಜಮೀನು ಕೇಳಿಕೊಂಡು ಬಂದರು. ಹ್ಯಾಂಪ್ಟನ್ ಸುತ್ತಮುತ್ತಲ ಅನೇಕ ಕುಟುಂಬಗಳು ಜಾಗ ಖಾಲಿ ಮಾಡಬೇಕಾಯಿತು.